ಗಿಳಿಯ ಓದು: ಅಲಂಕಾರ ಹಾಗೂ ವಿಡಂಬನೆಯ ಬೋಧನೆಯನ್ನು ಕುರಿತು

ಪ್ರೌಢಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅಲಂಕಾರಕ್ಕೆ ಒಂದು ಸ್ಥಾನ ಬಹುಕಾಲದಿಂದ ಮೀಸಲಾಗಿದೆ. ಒಂದು ವಾಕ್ಯವನ್ನೋ ಪದ್ಯದ ಒಂದೆರಡು ಸಾಲುಗಳನ್ನೋ ಕೊಟ್ಟು, ಅಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು, ಸಮನ್ವಯಗೊಳಿಸಬೇಕೆಂದು ಕೇಳುವುದು ವಾಡಿಕೆ. ವಿದ್ಯಾರ್ಥಿಯು ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂಬ ನಾಲ್ಕನ್ನೂ ಒಂದರ ಕೆಳಗೊಂದರಂತೆ ಜೋಡಿಸಿ, ಆದುದರಿಂದ ಇದು ಉಪಮಾಲಂಕಾರವೆಂದು ಮುಗಿಸುತ್ತಾನೆ. ಅಂಕಗಳು ಪೂರ್ತಿಯಾಗಿ ದೊರೆಯುತ್ತವೆ. ಆದರೆ ಮುಖವನ್ನು ಕಮಲಕ್ಕೆ ಹೋಲಿಸಿದ ಕವಿಯು ಅದನ್ನು ಸಂಪಿಗೆಗೋ ಸೂರ್ಯಕಾಂತಿಗೋ ಏಕೆ ಹೋಲಿಸಲಿಲ್ಲ, ಆ ಹೋಲಿಕೆಯಿಂದ ಓದುಗನಿಗೆ ಹೊಸದಾಗಿ ಕಂಡದ್ದೇನು, ಅದು ಇಲ್ಲದಿದ್ದರೆ ನಷ್ಟವಾಗುತ್ತಿದ್ದುದೇನು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ವಿದ್ಯಾರ್ಥಿಯೂ ಹೋಗುವುದಿಲ್ಲ. ಹೀಗೆ ಕಾವ್ಯದ ಜೀವಾಳವೇ ಆಗಿರುವ ಒಂದು ಸಂಗತಿಯು ಗಣಿತದ ಸೂತ್ರದಂತೆ ಕಂಠಸ್ಥವಾಗಿ, ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ.

ಬಸವಣ್ಣನವರ ಒಂದು ವಚನದಲ್ಲಿ ಓದು ಬಲ್ಲ ಗಿಳಿಯೊಂದು ಬರುತ್ತದೆ. ಕಲಿಸಿದ್ದನ್ನು ನುಡಿಯಬಲ್ಲ ಆ ಗಿಳಿಗೆ, ತನ್ನ ಪ್ರಾಣವನ್ನೇ ತೆಗೆಯಲು ಬರುತ್ತಿರುವ ಬೆಕ್ಕಿನ ಸುಳಿವನ್ನು ಹೇಳುವುದು ಮಾತ್ರ ತಿಳಿಯದು. ಎದುರಿನವರ ಗುಣವನ್ನೆಲ್ಲ ಬಲ್ಲೆವೆನ್ನುವವರು ತಮ್ಮ ಗುಣವನ್ನು ಅರಿಯರೆಂಬ ಕಡೆಗೆ ತಿರುಗಿ ಆ ವಚನ ಮುಗಿಯುತ್ತದೆ. ಎಂಟುನೂರು ವರ್ಷಗಳ ಹಿಂದಿನ ಆ ಗಿಳಿಯು ಇಂದಿನ ತರಗತಿಗಳಲ್ಲಿಯೂ ಕುಳಿತಿದೆ. ಅಲಂಕಾರದ ಹೆಸರನ್ನು ಅದು ಸ್ಫುಟವಾಗಿ ಉಚ್ಚರಿಸುತ್ತದೆ. ಅದೇ ಅಲಂಕಾರವು ತನ್ನ ಕಡೆಗೆ ಬೆರಳು ಮಾಡಿ ತೋರುತ್ತಿರುವುದನ್ನು ಕಾಣುವುದಿಲ್ಲ. ಅಲಂಕಾರವನ್ನೂ ವಿಡಂಬನೆಯನ್ನೂ ಕಲಿಸುವುದೆಂದರೆ ಹೆಸರುಗಳನ್ನು ಕಲಿಸುವುದು ಎಂಬ ಭಾವನೆ ಬೇರೂರಿರುವವರೆಗೆ ಈ ಸ್ಥಿತಿ ಬದಲಾಗದು. ಆಡಿದ ಮಾತಿನ ಹಿಂದಿರುವ ಆಡದ ಮಾತನ್ನು ಕೇಳಬಲ್ಲ ಕಿವಿಯನ್ನೂ, ಆ ಮಾತು ಯಾರನ್ನು ಕುರಿತದ್ದೆಂದು ವಿವೇಚಿಸುವ ಬುದ್ಧಿಯನ್ನೂ ವಿದ್ಯಾರ್ಥಿಗೆ ಕೊಡುವುದೇ ಈ ಪಾಠದ ಉದ್ದೇಶವಾಗಬೇಕು.

ಈ ಕಿವಿಯು ಮಕ್ಕಳಿಗೆ ಹೊಸದಾಗಿ ಬರಬೇಕಾದದ್ದೂ ಅಲ್ಲ. ಹೊತ್ತು ಏರಿದ ಮೇಲೆ ಹಾಸಿಗೆ ಬಿಟ್ಟೆದ್ದ ಮೊಮ್ಮಗನನ್ನು ಕಂಡು, 'ಇಷ್ಟು ಬೇಗ ಏಕೆ ಎದ್ದೆಯಪ್ಪಾ, ಇನ್ನೂ ಸ್ವಲ್ಪ ಮಲಗಬಾರದಾಗಿತ್ತೆ?' ಎಂದು ಅಜ್ಜಿ ಕೇಳಿದರೆ, ಐದು ವರ್ಷದ ಆ ಮಗು ಮತ್ತೆ ಹೋಗಿ ಮಲಗುವುದಿಲ್ಲ; ನಾಚಿ ಮುಖ ತೊಳೆಯಲು ಹೋಗುತ್ತದೆ. ಮಾತಿನ ಅರ್ಥ ಒಂದು, ಅಭಿಪ್ರಾಯ ಅದಕ್ಕೆ ವಿರುದ್ಧವಾದ ಮತ್ತೊಂದು ಎಂಬುದನ್ನು ಅದು ಯಾವ ಲಕ್ಷಣಗ್ರಂಥವನ್ನೂ ಓದದೆ ಗ್ರಹಿಸಿದೆ. ಕಾಲಿಗೆ ಬುದ್ಧಿ ಹೇಳುವುದು, ಹೊಟ್ಟೆಕಿಚ್ಚು ಪಡುವುದು, ಕಣ್ಣಿಗೆ ಮಣ್ಣೆರಚುವುದು ಮುಂತಾದ ನುಡಿಗಟ್ಟುಗಳು ಹೊಲದಲ್ಲಿ, ಕಣದಲ್ಲಿ, ಬಾವಿಕಟ್ಟೆಯಲ್ಲಿ ದಿನವೂ ಆಡಲ್ಪಡುತ್ತವೆ. ಅವನ್ನು ಕೇಳಿದ ಮಗು, ಕಾಲಿಗೆ ಹೇಗೆ ಬುದ್ಧಿ ಹೇಳುತ್ತಾರೆಂದು ಚಿಂತಿಸುತ್ತ ನಿಲ್ಲುವುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಜನರನ್ನು ವರ್ಣಿಸುತ್ತ, ವಿಶೇಷವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತವಾದ ಬುದ್ಧಿ ಅವರದೆಂದು ಹೊಗಳಿದೆ. ಅಲಂಕಾರಗಳ ವಿವೇಚನೆಗಾಗಿಯೇ ಹೊರಟ ಗ್ರಂಥವೊಂದು ಈ ಮಾತನ್ನು ಹೇಳಿರುವುದು ಗಮನಾರ್ಹವಾಗಿದೆ. ಶಾಸ್ತ್ರವು ಜನರ ನಾಲಗೆಯ ಮೇಲೆ ಮೊದಲೇ ಇದ್ದುದಕ್ಕೆ ಹೆಸರಿಟ್ಟಿತೇ ಹೊರತು, ಇಲ್ಲದ್ದನ್ನು ಸೃಷ್ಟಿಸಲಿಲ್ಲ.

ಹಾಗಿದ್ದರೆ ಐದನೆಯ ವರ್ಷದಲ್ಲಿ ಅಜ್ಜಿಯ ವ್ಯಂಗ್ಯವನ್ನು ಅರಿತ ಮಗು ಹದಿನೈದನೆಯ ವರ್ಷದಲ್ಲಿ ಪುಸ್ತಕದ ವ್ಯಂಗ್ಯವನ್ನು ಅರಿಯದೆ ಹೋಗುವುದೇಕೆ? ಕಾರಣ ಸ್ಪಷ್ಟವಾಗಿದೆ. ಅಜ್ಜಿಯ ಮಾತಿಗೆ ದನಿಯಿತ್ತು, ಮುಖಭಾವವಿತ್ತು, ಏರಿದ ಹೊತ್ತಿನ ಸಾಕ್ಷಿಯಿತ್ತು. ಅಚ್ಚಿನ ಪುಟಕ್ಕೆ ಇವು ಯಾವುವೂ ಇಲ್ಲ. ವಚನಗಳೇ ಇದಕ್ಕೆ ಉತ್ತಮ ನಿದರ್ಶನ. ಅವು ಮೊದಲಿಗೆ ಬಾಯಿಂದ ಬಾಯಿಗೆ ಹರಿದು, ಎದುರಿಗೆ ಕುಳಿತವರ ಕಿವಿಗೆ ಬಿದ್ದ ಮಾತುಗಳು. ಮುಂದೆ ಓಲೆಗರಿಗೆ ಏರಿದವು. ಫ. ಗು. ಹಳಕಟ್ಟಿಯವರು ಅಂಥ ಓಲೆಗರಿಗಳನ್ನು ಹುಡುಕಿ ಶೋಧಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆ ಅವುಗಳ ವ್ಯಾಪಕ ಪ್ರಸಾರಕ್ಕೆ ಹಾದಿಯಾಯಿತು. ಅವರ ಆ ಶ್ರಮವಿಲ್ಲದಿದ್ದರೆ ಇಂದಿನ ಪಠ್ಯಪುಸ್ತಕಗಳು ಎಷ್ಟು ಬಡವಾಗಿರುತ್ತಿದ್ದುವೆಂಬುದನ್ನು ಊಹಿಸುವುದೂ ಕಷ್ಟ. ಆದರೆ ಅಚ್ಚಾದ ಮಾತಿಗೆ ಅದರ ಮೂಲದನಿಯನ್ನು ಮರಳಿ ಕೊಡಬೇಕಾದವನು ಉಪಾಧ್ಯಾಯ. ಆ ಕೆಲಸವನ್ನು ಅವನು ಮಾಡದೆ, ಕಠಿಣ ಪದಗಳ ಅರ್ಥವನ್ನು ಕರಿಹಲಗೆಯ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋದರೆ, ಮಾತು ಪುಟದ ಮೇಲೆಯೇ ಉಳಿಯುತ್ತದೆ.

ಗಾದೆಯ ವಿಸ್ತರಣೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಕೊಟ್ಟ ಗಾದೆ ಯಾವುದೇ ಇರಲಿ, ಉತ್ತರಗಳ ಮೊದಲ ವಾಕ್ಯ ಬಹುಮಟ್ಟಿಗೆ ಒಂದೇ: ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ವಿಸ್ತರಿಸುವ ವಿದ್ಯಾರ್ಥಿಯು, ನೃತ್ಯ ಕಲಿಯಲು ಅಭ್ಯಾಸ ಬೇಕೆಂದೂ ನೆಲ ಸಮತಟ್ಟಾಗಿರಬೇಕೆಂದೂ ಬರೆದುಬಿಡುವ ಅಪಾಯವುಂಟು. ಅದೇ ವಿದ್ಯಾರ್ಥಿ ಕಬಡ್ಡಿ ಆಟದಲ್ಲಿ ಸೋತು ಬಂದು ಅಂಕಣವನ್ನು ದೂರಿದಾಗ, ಗೆಳೆಯನೊಬ್ಬನು ಇದೇ ಗಾದೆಯನ್ನು ಅವನ ಮುಖಕ್ಕೆ ಎಸೆದರೆ ಅರ್ಥ ತಟ್ಟನೆ ಹೊಳೆಯುತ್ತದೆ. ಗಾದೆ ಆಗ ನೆಲದ ವಿಷಯವಾಗಿ ಉಳಿಯದೆ ಅವನ ವಿಷಯವಾಗುತ್ತದೆ. ತರಗತಿಯಲ್ಲಿ ಕಲಿಸಬೇಕಾದದ್ದು ಈ ಹೊಳಹನ್ನೇ.

ಭಾರತೀಯ ಕಾವ್ಯಮೀಮಾಂಸಕರು ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ಶಕ್ತಿಗಳನ್ನು ಹೇಳಿದ್ದಾರೆ. ಪದದ ನೇರವಾದ ಅರ್ಥವನ್ನು ತಿಳಿಸುವುದು ಮೊದಲನೆಯದು. ಆ ಅರ್ಥ ಹೊಂದದೆ ಇದ್ದಾಗ ಅದಕ್ಕೆ ಸಂಬಂಧಿಸಿದ ಬೇರೊಂದು ಅರ್ಥಕ್ಕೆ ಒಯ್ಯುವುದು ಎರಡನೆಯದು. ಇವೆರಡಕ್ಕೂ ಮಿಗಿಲಾಗಿ, ಹೇಳದೆಯೇ ಹೊಳೆಯಿಸುವುದು ಮೂರನೆಯದು. ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಧ್ವನಿಯನ್ನೇ ಕಾವ್ಯದ ಆತ್ಮವೆಂದು ಪ್ರತಿಪಾದಿಸಿದನು. ಬಹುತೇಕ ತರಗತಿಗಳಲ್ಲಿ ನಡೆಯುವ ಪಾಠವು ಅಭಿಧೆಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆಂಬುದು ವಿಷಾದದ ಸಂಗತಿ. ಕನ್ನಡದಲ್ಲಿ ಹೊಸ್ತಿಲು ದಾಟಿಸಬಲ್ಲ ಕವಿಗಳಿಗೆ ಬರವಿಲ್ಲ. ಧರ್ಮಾಮೃತವನ್ನು ಬರೆದ ಮುಳುಗುಂದದ ನಯಸೇನನು ಹನ್ನೆರಡನೆಯ ಶತಮಾನದ ಮೊದಲಿನಲ್ಲಿಯೇ ಜನಸಾಮಾನ್ಯರ ಗಾದೆಗಳನ್ನೂ ಹೋಲಿಕೆಗಳನ್ನೂ ತನ್ನ ಕೃತಿಯಲ್ಲಿ ರಾಶಿಹಾಕಿದನು. ಗದುಗಿನ ಕುಮಾರವ್ಯಾಸನನ್ನು ನಾಡು ರೂಪಕಸಾಮ್ರಾಜ್ಯದ ಚಕ್ರವರ್ತಿಯೆಂದು ಕರೆದಿದೆ. ಸರ್ವಜ್ಞನ ತ್ರಿಪದಿಗಳು ಇಂದಿಗೂ ಓದುಬರಹವಿಲ್ಲದವರ ಬಾಯಲ್ಲಿವೆ. ಇವರನ್ನು ಓದಿಸುವಾಗ ಹೆಸರು ಕೊನೆಗೆ ಬರಬೇಕು, ಅನುಭವ ಮೊದಲು ಬರಬೇಕು.

ದೇಹವನ್ನೇ ದೇಗುಲವಾಗಿ ಕಾಣಿಸುವ ಬಸವಣ್ಣನವರ ಪ್ರಸಿದ್ಧ ವಚನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಿರಿವಂತರು ಶಿವಾಲಯ ಕಟ್ಟಿಸುತ್ತಾರೆ. ಬಡವನಾದವನು ಏನು ಮಾಡಲಾದೀತೆಂದು ಕೇಳಿಕೊಂಡು, ತನ್ನ ಕಾಲು, ದೇಹ, ಶಿರಗಳನ್ನೇ ಕಂಬ, ದೇಗುಲ, ಕಳಶಗಳಾಗಿ ಅಲ್ಲಿ ವಚನಕಾರರು ಅರ್ಪಿಸುತ್ತಾರೆ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಇಲ್ಲವೆಂಬ ನಿಲುವಿನಲ್ಲಿ ವಚನ ಮುಗಿಯುತ್ತದೆ. ಇದನ್ನು ರೂಪಕವೆಂದು ಹೆಸರಿಸಿದ ವಿದ್ಯಾರ್ಥಿಯ ಉತ್ತರ ತಪ್ಪಲ್ಲ. ಆದರೆ ಇಲ್ಲಿ ಕೇಳಲೇಬೇಕಾದ ಮಾತುಗಳು ಬೇರೆ ಇವೆ. ರಾಜ್ಯದ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಅಧಿಕಾರಿಯು ತನ್ನನ್ನು ಬಡವನೆಂದು ಕರೆದುಕೊಂಡಿರುವುದೇಕೆ? ಅದು ನಿಜವಾದ ದೈನ್ಯವೋ, ಅಥವಾ ಸಿರಿಯೇ ಭಕ್ತಿಯೆಂದು ತಿಳಿದವರ ಮುಂದೆ ಹಿಡಿದ ಕನ್ನಡಿಯೋ? ಬಡವನ ದೇಗುಲ ನಡೆದಾಡುತ್ತದೆ, ಸಿರಿವಂತನದು ನಿಂತಲ್ಲಿಯೇ ನಿಂತಿದೆ ಎಂಬ ವಿಪರ್ಯಾಸವನ್ನು ಕಂಡ ಮೇಲೆ, ಮೊದಲು ಸೋತವನಂತೆ ತೋರಿದವನು ಯಾರು, ಕೊನೆಗೆ ಗೆದ್ದವನು ಯಾರು? ಇಷ್ಟನ್ನು ಕೇಳಿ, ಉತ್ತರಕ್ಕಾಗಿ ಎರಡು ನಿಮಿಷ ಕಾದರೆ, ವಿನಯದ ಮಾತೇ ಪ್ರಬಲವಾದ ವಿಮರ್ಶೆಯಾಗಬಲ್ಲುದೆಂದು ತರಗತಿಗೆ ತಾನಾಗಿ ತಿಳಿಯುತ್ತದೆ. ರೂಪಕದಿಂದ ವಿಡಂಬನೆಗೆ ಹೋಗುವ ಹಾದಿ ಇಲ್ಲಿಯೇ ತೆರೆದುಕೊಳ್ಳುತ್ತದೆ.

ವಿಡಂಬನೆಯು ಅಲಂಕಾರಕ್ಕಿಂತ ಒಂದು ಹೆಜ್ಜೆ ಮುಂದಿನದು. ಹಾಸ್ಯದ ಕೆಲಸ ನಗಿಸುವುದು. ವಿಡಂಬನೆಯು ನಗಿಸಿ, ಆ ನಗೆ ಬಾಯಲ್ಲಿರುವಂತೆಯೇ ಅದನ್ನು ಕಹಿಯಾಗಿಸುತ್ತದೆ. ಹೊಗಳಿದಂತೆ ತೋರಿ ತೆಗಳುವುದನ್ನೂ ತೆಗಳಿದಂತೆ ತೋರಿ ಹೊಗಳುವುದನ್ನೂ ಆಲಂಕಾರಿಕರು ವ್ಯಾಜಸ್ತುತಿಯೆಂಬ ಹೆಸರಿನಿಂದ ಗುರುತಿಸಿದ್ದರು. ಕಲ್ಲಿನ ನಾಗರಕ್ಕೆ ಹಾಲೆರೆದು, ಜೀವಂತ ನಾಗರವನ್ನು ಕಂಡೊಡನೆ ಕೊಲ್ಲಲು ಕೂಗುವವರ ಚಿತ್ರವನ್ನು ಬಸವಣ್ಣನವರು ಬಿಡಿಸಿದಾಗ, ಅಲ್ಲಿ ಒಂದಾದರೂ ಬೈಗುಳವಿಲ್ಲ. ಜನ ಮಾಡುತ್ತಿರುವುದನ್ನೇ ಎರಡು ಚಿತ್ರಗಳಾಗಿ ಪಕ್ಕಪಕ್ಕಕ್ಕೆ ಇಟ್ಟರು, ಅಷ್ಟೆ. ಹಸಿದು ಬಂದ ಜಂಗಮನನ್ನು ಸಾಗಹಾಕಿ, ಉಣ್ಣಲಾರದ ಲಿಂಗಕ್ಕೆ ಬೋನವನ್ನು ನೀಡುವವರೆಡೆಗೆ ಆ ಮಾತು ಹೊರಳಿದಾಗ, ಕೇಳುತ್ತ ತಲೆದೂಗುತ್ತಿದ್ದವನ ತಲೆಯೇ ತಗ್ಗುತ್ತದೆ.

ಇಂಗ್ಲಿಷ್ ಸಾಹಿತ್ಯವನ್ನು ಓದುವ ವಿದ್ಯಾರ್ಥಿಗಳಿಗೆ ಇದೇ ಬಗೆಯ ಇನ್ನೊಂದು ಕೃತಿ ಮುಂದೆ ಎದುರಾಗುತ್ತದೆ. ಐರ್ಲೆಂಡಿನ ಜೊನಾಥನ್ ಸ್ವಿಫ್ಟ್ 1729ರಲ್ಲಿ ತನ್ನ ಹೆಸರನ್ನು ಹಾಕದೆ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಬಡವರ ಹಸುಗೂಸುಗಳನ್ನು ಶ್ರೀಮಂತರ ಊಟದ ಮೇಜಿಗೆ ಮಾರುವುದರಿಂದ ದೇಶದ ಬಡತನ ನೀಗುತ್ತದೆಂದು ಅದರಲ್ಲಿ ಲೆಕ್ಕಹಾಕಿ ತೋರಿಸಲಾಗಿತ್ತು. ತೂಕ, ಬೆಲೆ, ಲಾಭಗಳ ಅಂಕಿಗಳೆಲ್ಲವೂ ಅಲ್ಲಿವೆ. ಸಿಟ್ಟಿನ ಒಂದು ಮಾತೂ ಮೇಲುನೋಟಕ್ಕೆ ಸಿಗುವುದಿಲ್ಲ. ಆ ತಣ್ಣನೆಯ ದನಿಯನ್ನು ಕೇಳಲಾರದ ಓದುಗನು ಬರೆದವನನ್ನು ರಾಕ್ಷಸನೆಂದು ತಿಳಿಯಬಹುದು. ಕೇಳಬಲ್ಲವನಿಗೆ, ಮನುಷ್ಯರನ್ನು ಬರಿಯ ಲೆಕ್ಕದ ಅಂಕಿಗಳಾಗಿ ಕಾಣುತ್ತಿದ್ದ ಅಂದಿನ ಆಳುವವರ ರಾಕ್ಷಸತನವನ್ನು ಕುರಿತು ಒಬ್ಬ ಪಾದ್ರಿಯ ಹೃದಯ ಎಷ್ಟು ಕುದಿಯುತ್ತಿತ್ತೆಂಬುದು ತಿಳಿಯುತ್ತದೆ. ಅದೇ ಪುಟ, ಅದೇ ಅಕ್ಷರ. ಓದುಗನ ಕಿವಿಯೊಂದರಿಂದಲೇ ಅರ್ಥ ತಲೆಕೆಳಗಾಗುತ್ತದೆ. ಅಂಗೈಯಲ್ಲಿನ ಮೊಬೈಲಿನಲ್ಲಿ ದಿನವೂ ನೂರಾರು ಸಂದೇಶಗಳನ್ನು ಓದುವ ಇಂದಿನ ಎಳೆಯರಿಗೆ ಈ ಕಿವಿಯ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ. ಕುಚೋದ್ಯಕ್ಕಾಗಿ ಬರೆದದ್ದನ್ನು ನಿಜವೆಂದು ನಂಬಿ ಜಗಳಕ್ಕೆ ನಿಲ್ಲುವವರೂ, ದ್ವೇಷದಿಂದ ಬರೆದದ್ದನ್ನು ಬರಿಯ ತಮಾಷೆಯೆಂದು ಹಂಚುವವರೂ ಒಂದೇ ದೋಷದ ಎರಡು ಮುಖಗಳು.

ವಿಡಂಬನೆಯ ಪಾಠದಲ್ಲಿ ಒಂದು ಅಪಾಯವೂ ಅಡಗಿದೆ. ಅದನ್ನು ಮರೆಮಾಚುವುದು ತರವಲ್ಲ. ಶಾಲೆಯ ಅಂಗಳದಲ್ಲಿ ಇಡುವ ಅಡ್ಡಹೆಸರುಗಳನ್ನು ಗಮನಿಸಬೇಕು. ಒಬ್ಬ ಹುಡುಗನನ್ನು ಅವನ ಮೈಬಣ್ಣದಿಂದ, ಒಬ್ಬಳನ್ನು ಅವಳ ನಡಿಗೆಯಿಂದ, ಮತ್ತೊಬ್ಬನನ್ನು ಅವನ ತಂದೆಯ ಕಸುಬಿನಿಂದ ಕರೆಯುವುದು ಅಲ್ಲಿ ಸಾಮಾನ್ಯ. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಪ್ರಾಣಿಯ ಹೆಸರಿನಿಂದ ಕರೆಯುವ ಅಡ್ಡಹೆಸರು ಒಂದು ರೂಪಕ. ಉಪಮೆಯಲ್ಲಿ 'ಅಂತೆ' ಎಂಬ ಮಾತು ಎರಡು ವಸ್ತುಗಳ ನಡುವೆ ತುಸು ಅಂತರವನ್ನು ಉಳಿಸುತ್ತದೆ. ರೂಪಕವಾದರೋ ಅಭೇದವನ್ನೇ ಸಾಧಿಸುತ್ತದೆ. ಆನೆಯಂತಿದ್ದಾನೆ ಎಂದಾಗ ಹುಡುಗ ಇನ್ನೂ ಹುಡುಗನಾಗಿಯೇ ಇರುತ್ತಾನೆ. ಆನೆ ಎಂದು ಕರೆಯತೊಡಗಿದ ಮೇಲೆ ಅವನ ಸ್ವಂತ ಹೆಸರೇ ಮರೆತುಹೋಗುತ್ತದೆ. ಪಾಠ ಒಪ್ಪಿಸದ ವಿದ್ಯಾರ್ಥಿಯನ್ನು ಕತ್ತೆಯೆಂದು ಕರೆಯುವ ಉಪಾಧ್ಯಾಯರೂ ಅರಿಯದೆ ಅದೇ ಅಲಂಕಾರವನ್ನು ಪ್ರಯೋಗಿಸುತ್ತಿರುತ್ತಾರೆ. ಮುಂದಿನ ಗಂಟೆಯಲ್ಲಿ ಅವರೇ ರೂಪಕಕ್ಕೆ ಉದಾಹರಣೆ ಕೇಳಿದರೆ, ಹಿಂದಿನ ಬೆಂಚಿನ ಆ ಹುಡುಗನಿಗೆ ಉತ್ತರ ಚೆನ್ನಾಗಿ ಗೊತ್ತಿರುತ್ತದೆ, ಹೇಳುವ ಧೈರ್ಯವಿರುವುದಿಲ್ಲ.

ಆದುದರಿಂದ ವಿಡಂಬನೆಯನ್ನು ಕಲಿಸುವವರು ಅದರೊಂದಿಗೆ ಮೂರು ಪ್ರಶ್ನೆಗಳನ್ನೂ ಕಲಿಸಬೇಕು. ಮಾತಿನ ಏಟು ಬೀಳುತ್ತಿರುವುದು ಬಲವುಳ್ಳವರ ಮೇಲೋ, ಬಲವಿಲ್ಲದವರ ಮೇಲೋ? ಅದು ಗುರಿಮಾಡಿರುವುದು ಬದಲಾಯಿಸಿಕೊಳ್ಳಬಹುದಾದ ನಡತೆಯನ್ನೋ, ಬದಲಾಯಿಸಲಾಗದ ಹುಟ್ಟು, ಮೈಬಣ್ಣ, ಅಂಗವೈಕಲ್ಯಗಳನ್ನೋ? ಏಟು ಹಾಕುವವನು ತಾನು ಹೊರಗೆ ನಿಂತಿದ್ದಾನೋ, ತನ್ನನ್ನೂ ಸೇರಿಸಿಕೊಂಡಿದ್ದಾನೋ? ಈ ಮೂರು ಪ್ರಶ್ನೆಗಳಿಂದ ವಿಡಂಬನೆಯೂ ಲೇವಡಿಯೂ ಬೇರೆಬೇರೆಯಾಗಿ ನಿಲ್ಲುತ್ತವೆ. ಹನ್ನೆರಡನೆಯ ಶತಮಾನದ ಶರಣರ ಮಾತು ಎಷ್ಟೇ ಕಠೋರವಾಗಿದ್ದರೂ, ಅಂಬಿಗರ ಚೌಡಯ್ಯನವರ ಮಾತಂತೂ ಚಾವಟಿಯಂತಿದ್ದರೂ, ಅದು ಡಂಭಾಚಾರದ ಮೇಲೆ ಬಿದ್ದ ಏಟು. ಹುಟ್ಟನ್ನು ಹಿಡಿದು ಹೀಯಾಳಿಸುವುದೇ ಅವರ ದೃಷ್ಟಿಯಲ್ಲಿ ಖಂಡನೀಯವಾಗಿತ್ತು. ತಮ್ಮ ಮನಸ್ಸಿನ ಚಂಚಲತೆಯನ್ನೂ ಕೊರತೆಗಳನ್ನೂ ಬಸವಣ್ಣನವರು ಅದೇ ನಾಲಗೆಯಿಂದ ಪರೀಕ್ಷಿಸಿಕೊಂಡರು. ತನ್ನನ್ನು ಬಿಟ್ಟು ಲೋಕವನ್ನೆಲ್ಲ ನಗುವವನಿಗೆ ವಿಡಂಬಕನೆಂಬ ಹೆಸರು ಸಲ್ಲುವುದಿಲ್ಲ.

ಈ ಪಾಠ ಕಾರ್ಯರೂಪಕ್ಕೆ ಬರುವ ಬಗೆ ಕಷ್ಟಸಾಧ್ಯವೇನಲ್ಲ. ನಲವತ್ತು ನಿಮಿಷಗಳ ಒಂದು ಅವಧಿಯಲ್ಲಿ ಗಿಳಿಯ ವಚನವನ್ನೇ ತೆಗೆದುಕೊಂಡರೆ, ಮೊದಲು ಉಪಾಧ್ಯಾಯರು ಅದನ್ನು ಎರಡು ಸಲ ಗಟ್ಟಿಯಾಗಿ ಓದಬೇಕು. ಬಳಿಕ ಇಬ್ಬರು ವಿದ್ಯಾರ್ಥಿಗಳಿಂದ ಬೇರೆ ಬೇರೆ ದನಿಯಲ್ಲಿ ಓದಿಸಬೇಕು. ಗಿಳಿ ಯಾರೆಂದು ಆಮೇಲೆ ಕೇಳಬೇಕು. ಉರುಹೊಡೆಯುವ ಸಹಪಾಠಿಯ ಹೆಸರನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ, ತರಗತಿ ನಗುತ್ತದೆ. ಮತ್ತೊಬ್ಬನು ಭಾಷಣಕಾರರನ್ನೋ ಮುಖಂಡರನ್ನೋ ಹೆಸರಿಸುತ್ತಾನೆ. ಇನ್ನಷ್ಟು ನಗೆ ಏಳುತ್ತದೆ. ಆಗ ವಚನದ ಕಡೆಯ ಮಾತನ್ನು ಮತ್ತೊಮ್ಮೆ ಓದಿ ಸುಮ್ಮನಿರಬೇಕು. ಎದುರಿನವರ ಗುಣವನ್ನು ಬಲ್ಲೆವೆನ್ನುವವರು ಯಾರು? ಈಗತಾನೆ ನಕ್ಕವರೇ. ಆ ಮೌನವೇ ಪಾಠದ ಮುಖ್ಯ ಭಾಗ. ಉಳಿದ ಐದು ನಿಮಿಷಗಳಲ್ಲಿ ಅಲಂಕಾರದ ಹೆಸರನ್ನೂ ಲಕ್ಷಣವನ್ನೂ ಹೇಳಿದರೆ, ಅದು ಬೇರಿಲ್ಲದ ಗಿಡದಂತೆ ಬಾಡದೆ ನೆನಪಿನಲ್ಲಿ ಊರುತ್ತದೆ.

ಗದ್ಯದಲ್ಲಿಯೂ ಸಾಮಗ್ರಿಗೆ ಕೊರತೆಯಿಲ್ಲ. ಡಾ. ಎಂ. ಶಿವರಾಂ ಅವರು 'ರಾಶಿ' ಎಂಬ ಕಾವ್ಯನಾಮದಿಂದ ಬರೆಯುತ್ತ, 1942ರಿಂದ 1967ರವರೆಗೆ ನಡೆಸಿದ ಕೊರವಂಜಿ ಮಾಸಪತ್ರಿಕೆಯು ಸಭ್ಯತೆಯ ಎಲ್ಲೆಯನ್ನು ಮೀರದೆ ಸಮಾಜದ ಓರೆಕೋರೆಗಳನ್ನು ತೋರಿಸಬಹುದೆಂಬುದಕ್ಕೆ ಸಾಕ್ಷಿಯಾಯಿತು. ನಾ. ಕಸ್ತೂರಿಯವರ ಅನರ್ಥಕೋಶವು ನಿತ್ಯದ ಪದಗಳಿಗೆ ತಲೆಕೆಳಗಾದ ಅರ್ಥ ಕೊಟ್ಟು ನಗಿಸುವ ನಿಘಂಟು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ತಿಮ್ಮನು ದಡ್ಡನಂತೆ ಮಾತಾಡಿ ಜಾಣರನ್ನು ಪೇಚಿಗೆ ಸಿಕ್ಕಿಸುವವನು. ದಿನಕರ ದೇಸಾಯಿಯವರ ಚುಟಕಗಳು ನಾಲ್ಕೇ ಸಾಲುಗಳಲ್ಲಿ ಅಧಿಕಾರದ ಠೀವಿಯನ್ನು ಇಳಿಸಬಲ್ಲವು. ಟಿ. ಪಿ. ಕೈಲಾಸಂ ಅವರ ಟೊಳ್ಳು-ಗಟ್ಟಿ ನಾಟಕವಂತೂ ಶಾಲೆಯನ್ನೇ ಕುರಿತದ್ದು: ಪರೀಕ್ಷೆಯಲ್ಲಿ ಮುಂದಿರುವ ಮಗನಾರು, ಮನೆಗೆ ಕಷ್ಟ ಬಂದ ದಿನ ಆಸರೆಯಾಗುವ ಮಗನಾರು ಎಂಬುದನ್ನು ಅದು ಎದುರೆದುರಾಗಿ ನಿಲ್ಲಿಸುತ್ತದೆ. ಅಂಥ ನಾಟಕವನ್ನು ಓದಿಸಿ, ಅದರ ಕರ್ತೃ ಯಾರು, ಟೊಳ್ಳು ಪದದ ವಿರುದ್ಧಪದವೇನೆಂದು ಮಾತ್ರ ಕೇಳುವ ಪರೀಕ್ಷೆಯು ತನ್ನ ಮೇಲೆ ತಾನೇ ವಿಡಂಬನೆ ಬರೆದುಕೊಂಡಂತಾಗುತ್ತದೆ. ಅದರ ಬದಲು ವಿದ್ಯಾರ್ಥಿಗಳೇ ಒಂದು ಪುಟ್ಟ ಅನರ್ಥಕೋಶವನ್ನು ರಚಿಸಲಿ. ಹಾಜರಿ, ಮನೆಪಾಠ, ಗೈಡು, ಸ್ವಾಗತಭಾಷಣ, ವಂದನಾರ್ಪಣೆ ಮುಂತಾದ ಪದಗಳಿಗೆ ಅವರು ಕೊಡುವ ಅರ್ಥಗಳಿಂದ ಹಿರಿಯರೂ ಕಲಿಯಬಹುದಾದದ್ದು ಬಹಳವಿದೆ. ನಿಯಮ ಒಂದೇ: ವ್ಯಕ್ತಿಯ ಹೆಸರು ಬರಕೂಡದು, ಬರೆದವನ ಹೆಸರು ಬರಲೇಬೇಕು.

ಇಂಥ ಬೋಧನೆಗೆ ಆಕ್ಷೇಪಗಳು ಬರುವುದು ಸಹಜ. ಅರವತ್ತು ವಿದ್ಯಾರ್ಥಿಗಳಿರುವ ತರಗತಿಯಲ್ಲಿ, ಮುಗಿಯದ ಪಠ್ಯಕ್ರಮದ ನಡುವೆ ಇದಕ್ಕೆ ವೇಳೆಯೆಲ್ಲಿ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ, ಉಪಾಧ್ಯಾಯರ ಹೊರೆ ದೊಡ್ಡದು. ಆದರೆ ವರ್ಷಕ್ಕೆ ನಾಲ್ಕೇ ಪಾಠಗಳನ್ನು ಹೀಗೆ ಆಳವಾಗಿ ಮಾಡಿದರೂ, ಉಳಿದವುಗಳನ್ನು ಓದುವ ಬಗೆ ವಿದ್ಯಾರ್ಥಿಗೆ ದಕ್ಕುತ್ತದೆ. ಅರ್ಥವಾದ ಅಲಂಕಾರದ ಹೆಸರನ್ನು ನೆನಪಿಡುವುದು ಉರುಹೊಡೆಯುವುದಕ್ಕಿಂತ ಸುಲಭವೂ ಹೌದು. ಆದುದರಿಂದ ಅಂಕಗಳಿಗೂ ಧಕ್ಕೆಯಿಲ್ಲ. ವಿಡಂಬನೆಯನ್ನು ಕಲಿತ ಮಕ್ಕಳು ಹಿರಿಯರಲ್ಲಿ ಗೌರವ ಕಳೆದುಕೊಳ್ಳುತ್ತಾರೆಂಬುದು ಎರಡನೆಯ ಆಕ್ಷೇಪ. ಭಯವನ್ನೇ ಗೌರವವೆಂದು ತಿಳಿದಾಗ ಮಾತ್ರ ಈ ಅಂಜಿಕೆ ಹುಟ್ಟುತ್ತದೆ. ಬಾಗಿಲ ಹಿಂದೆ ಅಣಕವಾಡಿ ಎದುರಿಗೆ ಕೈಮುಗಿಯುವ ವಿದ್ಯಾರ್ಥಿಗಿಂತ, ಭಿನ್ನಾಭಿಪ್ರಾಯವನ್ನು ಸಭ್ಯವಾದ ಮಾತಿನಲ್ಲಿ ಎದುರಿಗೇ ಹೇಳಬಲ್ಲ ವಿದ್ಯಾರ್ಥಿಯಲ್ಲಿ ಗೌರವ ಹೆಚ್ಚಾಗಿಯೇ ಇರುತ್ತದೆ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ಆಕ್ಷೇಪ. ವಿಡಂಬನೆಯು ಒಮ್ಮೆ ತರಗತಿಯೊಳಗೆ ಬಂದರೆ ಅದು ಶಾಲೆಯನ್ನೂ, ಶಾಲೆಯನ್ನು ನಡೆಸುವವರನ್ನೂ ಬಿಡಲಾರದೆಂಬ ಅಳುಕು ಅದು. ಈ ಅಳುಕು ನಿಜವಾದದ್ದು, ಮತ್ತು ಪರೀಕ್ಷೆ ಇರುವುದೂ ಇಲ್ಲಿಯೇ. ವಚನಗಳನ್ನು ಪ್ರಾರ್ಥನೆಯಲ್ಲಿ ಹಾಡಿಸುವ, ಗೋಡೆಗಳ ಮೇಲೆ ಬರೆಯಿಸುವ ಮಠದ ಶಾಲೆಗಳಿಗೆ ಈ ವಿಷಯದಲ್ಲಿ ಇತರರಿಗಿಂತ ಹೆಚ್ಚಿನ ಹೊಣೆಯಿದೆ. ಶರಣರ ವಿಮರ್ಶೆಯು ಅನ್ಯರ ಆಚಾರಗಳನ್ನು ಮಾತ್ರ ಕುರಿತದ್ದಲ್ಲ; ವೇಷ ತೊಟ್ಟು ನಡೆ ತಪ್ಪಿದ ತಮ್ಮವರನ್ನೂ ಅದು ಅಷ್ಟೇ ನಿಷ್ಠುರವಾಗಿ ಪ್ರಶ್ನಿಸಿತು. ಆ ವಚನಗಳಲ್ಲಿ ಅನ್ಯರನ್ನು ಕುರಿತವನ್ನಷ್ಟೇ ಆರಿಸಿ ಓದಿಸಿ, ತಮ್ಮನ್ನು ಕುರಿತವನ್ನು ಪಕ್ಕಕ್ಕಿಟ್ಟರೆ, ಅದು ಕಲ್ಲಿನ ನಾಗರಕ್ಕೆ ಹಾಲೆರೆದಂತೆಯೇ ಸರಿ.

ಆದಕಾರಣ ಶಾಲೆಯ ಭಿತ್ತಿಪತ್ರಿಕೆಯಲ್ಲಿ ವಿಡಂಬನೆಗೊಂದು ಮೂಲೆ ಮೀಸಲಾಗಲಿ. ತಿಳಿಯಾದ ಸಾರಿನ ಬಗೆಗೆ, ಬಿಸಿಲಿನಲ್ಲಿ ನಿಲ್ಲಿಸಿ ಮಾಡುವ ದೀರ್ಘ ಉಪದೇಶದ ಬಗೆಗೆ, ಅತಿಥಿಗಳು ಬರುವ ದಿನ ಮಾತ್ರ ಬೀಗ ತೆರೆದುಕೊಳ್ಳುವ ವಾಚನಾಲಯದ ಬಗೆಗೆ ವಿದ್ಯಾರ್ಥಿಗಳು ಅಲ್ಲಿ ಬರೆಯಲಿ. ಮುಖ್ಯೋಪಾಧ್ಯಾಯರು ಅದನ್ನು ಓದಿ ನಗಲಿ. ನಕ್ಕ ಮೇಲೆ ವಾಚನಾಲಯದ ಬೀಗವನ್ನು ತೆಗೆಸಲಿ. ಸ್ಮರಣಸಂಚಿಕೆಗಳಲ್ಲಿ ಪ್ರಶಂಸೆಗೆ ಎಂದೂ ಬರವಿರುವುದಿಲ್ಲ, ಅದು ಇರತಕ್ಕದ್ದೇ. ಕಟ್ಟಿದವರ ತ್ಯಾಗವನ್ನೂ ದಾನಿಗಳ ಔದಾರ್ಯವನ್ನೂ ನೆನೆಯದ ಸಂಸ್ಥೆ ಕೃತಘ್ನವಾದೀತು. ಆದರೆ ಹೊಗಳಿಕೆಯ ನೂರು ಪುಟಗಳ ನಡುವೆ, ಎಳೆಯ ಕೈಯೊಂದು ನಗುನಗುತ್ತ ತೋರಿಸಿದ ಒಂದು ಕೊರತೆಯೂ ಅಚ್ಚಾದರೆ, ಆ ಸಂಸ್ಥೆಯಲ್ಲಿ ಸಾಹಿತ್ಯದ ಪಾಠ ನಿಜವಾಗಿ ನಡೆಯುತ್ತಿದೆಯೆಂದು ನಂಬಬಹುದು. ಅಲ್ಲಿಯ ಗಿಳಿಗಳು ಕಲಿಸಿದ್ದನ್ನೂ ನುಡಿಯುತ್ತವೆ. ಬೆಕ್ಕು ಬಂದಾಗ ಕೂಗಿಯೂ ಹೇಳುತ್ತವೆ.